ದೀಕ್ಷಾಸ್ನಾನವೂ ರಕ್ಷಣೆಯೂ

ಇಟಲಿ ದೇಶದ ಮಹಾಕವಿ ಡಾಂಟೆಯು ತನ್ನ ಕಾವ್ಯದ ಪ್ರಥಮ ಭಾಗದಲ್ಲಿ ನರಕವನ್ನು ವರ್ಣಿಸಿದ್ದಾನೆ. ಆ ನರಕದ ಮೊದಲನೆಯ ಸುತ್ತಿನಲ್ಲಿ ಬೆಂಕಿಯಿಲ್ಲ, ಚಿತ್ರಹಿಂಸೆಯಿಲ್ಲ. ಅಲ್ಲಿ ಕೇಳಿಬರುವುದು ನಿಟ್ಟುಸಿರು ಮಾತ್ರ. ಹೋಮರ್ ಮೊದಲಾದ ಪ್ರಾಚೀನ ಕವಿಗಳೂ ಅರಿಸ್ಟಾಟಲ್ ಮೊದಲಾದ ತತ್ತ್ವಜ್ಞರೂ ಅಲ್ಲಿರುವರು. ಕವಿಗೆ ದಾರಿ ತೋರಿಸಲು ಬಂದ ವರ್ಜಿಲನೂ ಅಲ್ಲಿಯವನೇ. ಅವರೊಡನೆ ಅಸಂಖ್ಯಾತ ಹಸುಳೆಗಳೂ ಅಲ್ಲಿವೆ. ಈ ಹಸುಳೆಗಳು ಪಾಪವನ್ನೇನೂ ಮಾಡಿದವುಗಳಲ್ಲ. ಅವುಗಳ ಕೊರತೆ ಒಂದೇ: ಅವುಗಳಿಗೆ ದೀಕ್ಷಾಸ್ನಾನವಾಗುವುದಕ್ಕೆ ಮುಂಚೆಯೇ ಸಾವು ಬಂದಿತು.

ಕೆಲವು ವರ್ಷಗಳ ಹಿಂದೆ ನಾವು ಈ ಭಾಗವನ್ನು ಇಂಗ್ಲಿಷ್ ಭಾಷಾಂತರದಲ್ಲಿ ತರಗತಿಗೆ ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸಾರ್, ಈ ಮಕ್ಕಳು ಮಾಡಿದ ತಪ್ಪೇನು?" ಎಂದು ಕೇಳಿದನು. ಪುಸ್ತಕದ ಟಿಪ್ಪಣಿಯಲ್ಲಿದ್ದ ಉತ್ತರವನ್ನು ಹೇಳಿದೆವು. ಅವನು ಕುಳಿತುಕೊಂಡನು, ಆದರೆ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಿಜವನ್ನು ಹೇಳುವುದಾದರೆ, ನಮಗೂ ಆಗಲಿಲ್ಲ. ಆ ಪ್ರಶ್ನೆಯ ಬೆನ್ನುಹತ್ತಿ ಆಮೇಲೆ ನಾವು ಓದಿದುದರಲ್ಲಿ ಕೆಲವು ಅಂಶಗಳನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದು ಉದ್ದೇಶಿಸಿದ್ದೇವೆ. ಕ್ರೈಸ್ತರಲ್ಲದವರು ಹೊರಗೆ ನಿಂತು ಹಾಕುವ ಆಕ್ಷೇಪಣೆ ಇದು ಎಂದು ಮೊದಲು ನಾವು ತಿಳಿದಿದ್ದೆವು. ಕ್ರೈಸ್ತಸಭೆಯೇ ಸುಮಾರು ೧೬೦೦ ವರ್ಷಗಳ ಕಾಲ ತನ್ನನ್ನು ತಾನು ಕೇಳಿಕೊಂಡ ಪ್ರಶ್ನೆ ಇದು ಎಂಬುದು ಓದಿದ ಮೇಲೆ ತಿಳಿಯಿತು.

ದೀಕ್ಷಾಸ್ನಾನವೆಂದರೇನು ಎಂಬುದನ್ನು ಮೊದಲು ನೋಡೋಣ. ಮೂಲ ಗ್ರೀಕ್ ಶಬ್ದಕ್ಕೆ ಮುಳುಗಿಸುವುದು, ಅದ್ದುವುದು ಎಂದಷ್ಟೇ ಅರ್ಥ. ಕನ್ನಡ ನಾಡಿನ ಕ್ರೈಸ್ತರು ಇದನ್ನು ದೀಕ್ಷಾಸ್ನಾನವೆಂದೂ ಜ್ಞಾನಸ್ನಾನವೆಂದೂ ಕರೆಯುವರು. ಬರಿಯ ಸ್ನಾನವೆನ್ನದೆ ಹಿಂದೆ ಒಂದು ಶಬ್ದವನ್ನು ಸೇರಿಸಿದುದರಲ್ಲಿ ಔಚಿತ್ಯವಿದೆ. ನಮ್ಮ ದೇಶದಲ್ಲಿ ಸ್ನಾನವೆಂದೊಡನೆ ನೆನಪಿಗೆ ಬರುವುದು ತೀರ್ಥಸ್ನಾನ. ಅದನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಮಾಡಿದಷ್ಟೂ ಪುಣ್ಯವೆಂದು ನಂಬಿಕೆ. ಕ್ರೈಸ್ತರ ದೀಕ್ಷಾಸ್ನಾನವಾದರೋ ಒಬ್ಬನಿಗೆ ಜನ್ಮದಲ್ಲಿ ಒಂದೇ ಸಲ. ಆದಕಾರಣ ಅದಕ್ಕೆ ಸಮೀಪವಾದುದನ್ನು ನಮ್ಮಲ್ಲಿ ಹುಡುಕುವುದಾದರೆ ತೀರ್ಥಗಳ ಕಡೆಗೆ ಹೋಗದೆ ಉಪನಯನ, ಲಿಂಗದೀಕ್ಷೆ ಮೊದಲಾದ ಸಂಸ್ಕಾರಗಳ ಕಡೆಗೆ ನೋಡಬೇಕು. ಉಪನಯನವಾದವನನ್ನು ದ್ವಿಜನೆಂದು, ಅಂದರೆ ಎರಡು ಸಲ ಹುಟ್ಟಿದವನೆಂದು ಕರೆಯುವುದು ವಿದಿತವೇ ಇದೆ. ದೀಕ್ಷಾಸ್ನಾನವನ್ನೂ ಕ್ರೈಸ್ತರು ಎರಡನೆಯ ಜನ್ಮವೆಂದೇ ತಿಳಿಯುವರು. ಆದರೆ ಅದಕ್ಕೆ ಕುಲದ ನಿಯಮವಿಲ್ಲ, ಸ್ತ್ರೀಪುರುಷರೆಂಬ ಭೇದವಿಲ್ಲ, ದಾಸನಿಗೂ ಒಡೆಯನಿಗೂ ಅದು ಒಂದೇ.

ಮೈ ತೊಳೆದ ನೀರು ಮನಸ್ಸನ್ನು ತೊಳೆಯಬಲ್ಲುದೇ ಎಂಬ ಪ್ರಶ್ನೆಯೂ ನಮಗೆ ಹೊಸದಲ್ಲ. ನಮ್ಮ ಶಿವಶರಣರೂ ಹರಿದಾಸರೂ ಇದನ್ನು ತಮ್ಮ ತಮ್ಮ ಕಾಲದಲ್ಲಿ ಬಲವಾಗಿಯೇ ಕೇಳಿದ್ದಾರೆ. ಕ್ರೈಸ್ತರ ಪಕ್ಷದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುವುದು. ಏಕೆಂದರೆ ಅವರ ಮತದಲ್ಲಿ ರಕ್ಷಣೆಯೆಂಬುದು ಮನುಷ್ಯನು ಗಳಿಸಿಕೊಳ್ಳುವ ಪುಣ್ಯಫಲವಲ್ಲ. ದೇವರು ತಾನಾಗಿಯೇ ಕೊಡುವ ಕೃಪೆ. ಪಾಪದ ಬಂಧನದಿಂದ ಬಿಡುಗಡೆಯಾಗಿ, ಶಿಲುಬೆಯ ಮೇಲೆ ಸತ್ತು ಮತ್ತೆ ಎದ್ದ ಯೇಸುಕ್ರಿಸ್ತನ ಜೀವದಲ್ಲಿ ಪಾಲುಗಾರನಾಗುವುದೇ ರಕ್ಷಣೆ. ಹೀಗೆ ಅದು ಕೇವಲ ಕೃಪೆಯೇ ಆದ ಪಕ್ಷದಲ್ಲಿ ಬೊಗಸೆ ನೀರಿಗೆ ಅಲ್ಲಿ ಏನು ಕೆಲಸ? ನೀರು ಅಷ್ಟು ಅವಶ್ಯವಾದ ಪಕ್ಷದಲ್ಲಿ ಅದು ಕೃಪೆಯಾಗುವುದು ಹೇಗೆ? ದೀಕ್ಷಾಸ್ನಾನದ ವಿಚಾರವಾಗಿ ಹುಟ್ಟಿದ ವಾದಗಳೆಲ್ಲವೂ ಈ ಎರಡು ಪ್ರಶ್ನೆಗಳ ನಡುವೆ ಅಡಗಿವೆ.

ಮೂಲಗ್ರಂಥಗಳಲ್ಲಿಯೇ ಎರಡು ಎಳೆಗಳು ಕಾಣುತ್ತವೆ. ಸ್ನಾನಿಕನಾದ ಯೋಹಾನನು ಯೊರ್ದನ್ ಹೊಳೆಯಲ್ಲಿ ಜನರಿಗೆ ಪಶ್ಚಾತ್ತಾಪದ ಸ್ನಾನವನ್ನು ಮಾಡಿಸುತ್ತಿದ್ದಾಗ ಯೇಸುವೂ ಬಂದು ಆ ಪಾಪಿಗಳ ನಡುವೆ ನೀರಿಗಿಳಿದನೆಂದು ಸುವಾರ್ತೆಗಳು ಹೇಳುತ್ತವೆ. ಎಲ್ಲಾ ಜನಾಂಗಗಳವರಿಗೂ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನವನ್ನು ಕೊಡಬೇಕೆಂದು ಯೇಸು ಶಿಷ್ಯರಿಗೆ ಅಪ್ಪಣೆ ಕೊಟ್ಟಂತೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ರಾತ್ರಿಯಲ್ಲಿ ತನ್ನನ್ನು ಕಾಣಲು ಬಂದ ಪಂಡಿತ ನಿಕೊದೇಮನಿಗೆ, ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರನೆಂಬ ಅರ್ಥದ ಮಾತನ್ನು ಯೇಸು ಹೇಳಿದನೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಈ ಸ್ನಾನವನ್ನು ಸಮಾಧಿಗೆ ಹೋಲಿಸುವನು. ನೀರಿನಲ್ಲಿ ಮುಳುಗುವುದೆಂದರೆ ಕ್ರಿಸ್ತನೊಡನೆ ಸತ್ತು ಹೂಳಲ್ಪಡುವುದು. ಮೇಲೇಳುವುದೆಂದರೆ ಅವನೊಡನೆ ಹೊಸ ಬಾಳಿಗೆ ಏಳುವುದು. ಇದು ಒಂದು ಎಳೆ.

ಇನ್ನೊಂದು ಎಳೆಯೂ ಅಲ್ಲಿಯೇ ಇದೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿಸಲ್ಪಟ್ಟ ಅಪರಾಧಿಯೊಬ್ಬನು ಸಾಯುವ ಗಳಿಗೆಯಲ್ಲಿ ತನ್ನನ್ನು ನೆನೆದುಕೊಳ್ಳಬೇಕೆಂದು ಬೇಡಿದನು. ಅವನಿಗೆ ಸ್ನಾನವೂ ಇರಲಿಲ್ಲ, ಸಂಸ್ಕಾರವೂ ಇರಲಿಲ್ಲ. ಆದರೂ ಆ ದಿನವೇ ಪರದೈಸಿನ ವಾಗ್ದಾನ ದೊರೆಯಿತು. ಕೊರ್ನೇಲ್ಯನೆಂಬ ರೋಮನ್ ಶತಾಧಿಪತಿಯ ಮನೆಯಲ್ಲಿ ಪೇತ್ರನು ಬೋಧಿಸುತ್ತಿದ್ದಾಗ ಕೇಳುತ್ತಿದ್ದವರ ಮೇಲೆ ಪವಿತ್ರಾತ್ಮನು ಮೊದಲು ಇಳಿದನು. ನೀರಿನ ಸ್ನಾನವಾದುದು ಅನಂತರ. ಹೀಗೆ ಒಂದು ಕಡೆ ಸ್ನಾನವು ಬಾಗಿಲಾಗಿರುವುದು. ಮತ್ತೊಂದು ಕಡೆ ದೇವರು ಬಾಗಿಲಿಗೆ ಕಾಯದೆಯೇ ಒಳಗೆ ಕರೆದುಕೊಂಡಿರುವನು. ಈ ಎರಡನ್ನೂ ಕೈಬಿಡದೆ ಹಿಡಿಯುವುದು ಹೇಗೆ?

ಈ ಪ್ರಶ್ನೆಯು ಮನುಷ್ಯರ ಬಾಳಿನಲ್ಲಿ ಹೇಗೆ ಎದುರಾಯಿತೆಂಬುದನ್ನು ಕಾಣಬೇಕಾದರೆ ನಾಲ್ಕನೆಯ ಶತಮಾನದ ಅಂತ್ಯದಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಹೋಗಬೇಕು. ಆಗ ಅಲ್ಲಿಯ ಬಿಷಪ್ ಆಂಬ್ರೋಸ್. ಅವನ ಕಥೆಯೇ ವಿಚಿತ್ರವಾದುದು. ಕ್ರಿ.ಶ. ೩೭೪ರಲ್ಲಿ ಬಿಷಪ್ಪನ ಚುನಾವಣೆಯಲ್ಲಿ ಗಲಭೆಯಾಗದಂತೆ ನೋಡಿಕೊಳ್ಳಲು ಪ್ರಾಂತಾಧಿಕಾರಿಯಾಗಿ ಬಂದವನನ್ನೇ ಜನರು ಬಿಷಪ್ಪನನ್ನಾಗಿ ಆರಿಸಿದರು. ಆಗ ಅವನಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ! ಸ್ನಾನವಾದ ಕೆಲವೇ ದಿವಸಗಳಲ್ಲಿ ಅವನು ಆ ಪೀಠವನ್ನೇರಿದನು.

ದೊಡ್ಡವರಾಗುವವರೆಗೆ, ಕೆಲವೊಮ್ಮೆ ಸಾಯುವವರೆಗೆ, ದೀಕ್ಷಾಸ್ನಾನವನ್ನು ಮುಂದಕ್ಕೆ ಹಾಕುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿಯು ಕ್ರೈಸ್ತಧರ್ಮಕ್ಕೆ ರಾಜಾಶ್ರಯವನ್ನು ಕೊಟ್ಟವನಾದರೂ ತಾನು ಸ್ನಾನವನ್ನು ಹೊಂದಿದುದು ೩೩೭ರಲ್ಲಿ, ಮರಣಶಯ್ಯೆಯಲ್ಲಿ. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆ ಸ್ನಾನವು ಹಿಂದಿನ ಪಾಪಗಳನ್ನೆಲ್ಲ ತೊಳೆಯುವುದು. ಅದು ಒಂದೇ ಸಲ ದೊರೆಯುವುದು. ಅನಂತರ ಮಾಡಿದ ಪಾಪಕ್ಕೆ ಹೊಣೆ ಹೆಚ್ಚು. ಹಾಗಾದರೆ ಕೊನೆಯವರೆಗೆ ಕಾದಿರುವುದೇ ಜಾಣತನವೆಂದು ಜನರು ಎಣಿಸಿದರು. ರಕ್ಷಣೆಯನ್ನು ಲೆಕ್ಕದ ಪುಸ್ತಕದಂತೆ ಕಂಡುದರ ಫಲವಿದು. ಸಂಸ್ಕಾರದಲ್ಲಿ ನಂಬಿಕೆಯಿಲ್ಲದವರಲ್ಲ ಅವರು. ನಂಬಿಕೆ ಅತಿಯಾಗಿ, ಅದರ ಅರ್ಥವನ್ನು ಮರೆತವರು.

ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ ೩೫೪ರಲ್ಲಿ ಹುಟ್ಟಿದ ಅಗಸ್ಟೀನನ ಬಾಲ್ಯದಲ್ಲಿಯೂ ಹೀಗೆಯೇ ಆಯಿತು. ಹುಡುಗನಾಗಿದ್ದಾಗ ಒಮ್ಮೆ ಹೊಟ್ಟೆನೋವಿನಿಂದ ಪ್ರಾಣಕ್ಕೆ ಬಂದು, ಅವನು ದೀಕ್ಷಾಸ್ನಾನವನ್ನು ಬೇಡಿದನು. ತಾಯಿ ಮೋನಿಕಳು ಆತುರದಿಂದ ಸಿದ್ಧತೆ ಮಾಡಿಸಿದಳು. ಅಷ್ಟರಲ್ಲಿ ನೋವು ಇಳಿಯಿತು, ಸ್ನಾನವೂ ನಿಂತಿತು. ಮುಂದೆ ಯೌವನದಲ್ಲಿ ಇವನು ಹೇಗೂ ದಾರಿ ತಪ್ಪುವನು, ತಪ್ಪುವುದಾದರೆ ಸ್ನಾನಕ್ಕೆ ಮುಂಚೆಯೇ ತಪ್ಪಲಿ ಎಂದು ಹಿರಿಯರ ಆಲೋಚನೆ. ದೊಡ್ಡವನಾದ ಮೇಲೆ ಅಗಸ್ಟೀನನು ಇದನ್ನು ನೆನೆದು ನೊಂದುಕೊಂಡಿದ್ದಾನೆ.

ಅವನ ಆತ್ಮಕಥೆಯಲ್ಲಿ ಇದಕ್ಕಿಂತಲೂ ಮನಸ್ಸಿಗೆ ನಾಟುವ ಇನ್ನೊಂದು ಪ್ರಸಂಗವಿದೆ. ಇಪ್ಪತ್ತರ ಪ್ರಾಯದಲ್ಲಿ ಅವನಿಗೊಬ್ಬ ಪ್ರಾಣಸ್ನೇಹಿತನಿದ್ದನು. ಹೆಸರನ್ನು ಅವನು ಹೇಳಿಲ್ಲ. ಇಬ್ಬರೂ ಆಗ ಕ್ರೈಸ್ತಮತವನ್ನು ಹಾಸ್ಯಮಾಡುತ್ತಿದ್ದವರು. ಆ ಗೆಳೆಯನು ಜ್ವರ ಬಂದು ಪ್ರಜ್ಞೆತಪ್ಪಿ ಮಲಗಿದ್ದಾಗ, ಬದುಕುವ ಆಸೆಯಿಲ್ಲವೆಂದು ತಿಳಿದು, ಅವನಿಗೆ ದೀಕ್ಷಾಸ್ನಾನವನ್ನು ಕೊಟ್ಟರು. ಅಗಸ್ಟೀನನು ಇದನ್ನು ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲ. ಪ್ರಜ್ಞೆಯಿಲ್ಲದ ದೇಹಕ್ಕೆ ನೀರು ಸೋಕಿದರೆ ಏನಾಗುವುದು! ಜ್ವರ ಇಳಿದು ಗೆಳೆಯನು ಕಣ್ಣು ತೆರೆದಾಗ, ಅವನೂ ತನ್ನೊಡನೆ ನಗುವನೆಂದು ತಿಳಿದು ಆ ಸ್ನಾನದ ವಿಷಯವಾಗಿ ಪರಿಹಾಸದ ಮಾತನ್ನಾಡಿದನು. ಗೆಳೆಯನು ನಗಲಿಲ್ಲ. ಶತ್ರುವನ್ನು ನೋಡುವಂತೆ ನೋಡಿ, ತನ್ನ ಸ್ನೇಹ ಬೇಕಾದರೆ ಇಂಥ ಮಾತನ್ನು ನಿಲ್ಲಿಸಬೇಕೆಂದು ಖಂಡಿತವಾಗಿ ಹೇಳಿದನು. ಕೆಲವು ದಿವಸಗಳಲ್ಲಿ ಜ್ವರ ಮರುಕಳಿಸಿ, ಅಗಸ್ಟೀನನು ಹತ್ತಿರವಿಲ್ಲದಾಗ, ಅವನು ತೀರಿಕೊಂಡನು.

ತಾನು ಬೇಡದೆ, ತನಗೆ ತಿಳಿಯದೆ ದೊರೆತುದನ್ನು ಆ ಯುವಕನು ಎಚ್ಚೆತ್ತ ಮೇಲೆ ತನ್ನದೆಂದು ಸ್ವೀಕರಿಸಿದನು. ಶಿಶುಗಳಿಗೆ ಸ್ನಾನವನ್ನು ಕೊಡುವ ಸಭೆಗಳ ವಾದವೂ ಇದೇ: ದಾನವು ಮೊದಲು, ಅರಿವು ಆಮೇಲೆ. ಹೆತ್ತವರು ಮಗುವಿಗೆ ಹೆಸರಿಡುವಾಗಲೂ ಮಾತು ಕಲಿಸುವಾಗಲೂ ಅದರ ಒಪ್ಪಿಗೆಯನ್ನು ಕೇಳುವುದಿಲ್ಲವಷ್ಟೆ.

ಅಗಸ್ಟೀನನು ೩೮೪ರಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿ ಮಿಲಾನಿಗೆ ಬಂದನು. ಆಂಬ್ರೋಸನ ವಾಕ್ಚಾತುರ್ಯವನ್ನು ಪರೀಕ್ಷಿಸಲು ಹೋದವನು ಅವನ ಮಾತಿನ ಅರ್ಥಕ್ಕೆ ಸೋತನು. ೩೮೭ರ ಏಪ್ರಿಲ್ ೨೪ನೆಯ ತಾರೀಖಿನ ರಾತ್ರಿ, ಈಸ್ಟರ್ ಹಬ್ಬದ ಜಾಗರಣೆಯಲ್ಲಿ, ಅವನು ದೀಕ್ಷಾಸ್ನಾನವನ್ನು ಹೊಂದಿದನು. ಜೊತೆಯಲ್ಲಿ ಗೆಳೆಯ ಅಲಿಪಿಯಸನೂ, ಸುಮಾರು ೧೫ ವರ್ಷದ ಮಗನೂ ಇದ್ದರು. ಆ ಮಗನ ಹೆಸರು ಅದಿಯೊದಾತಸ್, ದೇವರು ಕೊಟ್ಟವನು ಎಂದು ಅರ್ಥ, ನಮ್ಮಲ್ಲಿ ದೇವದತ್ತನೆಂಬಂತೆ.

ಆ ರಾತ್ರಿಯ ವಿಧಿಯು ಹೇಗಿತ್ತೆಂಬುದು ಆಂಬ್ರೋಸನ ಉಪನ್ಯಾಸಗಳಿಂದಲೇ ತಿಳಿಯುತ್ತದೆ. ಸ್ನಾನಾರ್ಥಿಗಳು ಮುಂಚಿನ ಉಪವಾಸಕಾಲದಲ್ಲಿ ಹೆಸರನ್ನು ಬರೆಯಿಸಿ, ವಿಶ್ವಾಸಪ್ರಮಾಣವನ್ನು ಬಾಯಿಪಾಠ ಮಾಡಿ ಸಿದ್ಧರಾಗಬೇಕಾಗಿತ್ತು. ಸ್ನಾನಗೃಹವು ಎಂಟು ಮೂಲೆಗಳ ಕಟ್ಟಡ. ಅದರ ತಳಪಾಯವನ್ನು ಮಿಲಾನಿನ ಮಹಾದೇವಾಲಯದ ಕೆಳಗೆ ಇಂದಿಗೂ ನೋಡಬಹುದು. ವಾರದ ಏಳು ದಿವಸಗಳಾದ ಮೇಲೆ ಬರುವ ಎಂಟನೆಯ ದಿನವೇ ಪುನರುತ್ಥಾನದ ದಿನ, ಹೊಸ ಸೃಷ್ಟಿಯ ದಿನ ಎಂಬುದು ಆ ಎಂಟರ ಸಂಕೇತ. ಅವರು ಸೈತಾನನನ್ನೂ ಅವನ ಕಾರ್ಯಗಳನ್ನೂ ತ್ಯಜಿಸಿದೆವೆಂದು ಹೇಳಿ ಪೂರ್ವಕ್ಕೆ ತಿರುಗುವರು. ಅನಂತರ ನೀರಿಗಿಳಿಯುವರು. ತಂದೆಯನ್ನು ನಂಬುವೆಯಾ, ಮಗನನ್ನು ನಂಬುವೆಯಾ, ಪವಿತ್ರಾತ್ಮನನ್ನು ನಂಬುವೆಯಾ ಎಂದು ಮೂರು ಸಲ ಕೇಳುವರು. ನಂಬುವೆನೆಂದು ಹೇಳಿ ಮೂರು ಸಲ ಮುಳುಗುವರು. ಮೇಲೆ ಬಂದವರ ತಲೆಗೆ ಪರಿಮಳತೈಲವನ್ನು ಹಚ್ಚುವರು. ಆಮೇಲೆ ಬಿಷಪ್ಪನೇ ಬಗ್ಗಿ ಅವರ ಪಾದಗಳನ್ನು ತೊಳೆಯುವನು. ಈ ಪದ್ಧತಿ ರೋಮಿನಲ್ಲಿರಲಿಲ್ಲ. ಇಲ್ಲದಿದ್ದರೂ ತಾನು ಬಿಡುವುದಿಲ್ಲವೆಂದು ಆಂಬ್ರೋಸನು ಹೇಳಿರುವನು. ಕೊನೆಯಲ್ಲಿ ಬಿಳಿಯ ವಸ್ತ್ರವನ್ನುಟ್ಟು ಎಲ್ಲರೊಡನೆ ಪ್ರಭುವಿನ ಪಂಕ್ತಿಗೆ ಬರುವರು.

ಐದು ವರ್ಷಗಳು ಕಳೆದುವು. ವಾಲೆಂಟಿನಿಯನ್ ಎಂಬ ಯುವ ಚಕ್ರವರ್ತಿಯು, ಆ ಹೆಸರಿನ ಎರಡನೆಯವನು, ಈಗಿನ ಫ್ರಾನ್ಸಿಗೆ ಸೇರಿದ ವಿಯೆನ್ ನಗರದಲ್ಲಿದ್ದನು. ಅವನು ತನಗೆ ದೀಕ್ಷಾಸ್ನಾನವನ್ನು ಕೊಡಲು ಬರಬೇಕೆಂದು ಆಂಬ್ರೋಸನಿಗೆ ಹೇಳಿಕಳುಹಿಸಿದನು. ಆಂಬ್ರೋಸನು ಹೊರಟನು. ಅವನು ಬಂದು ಸೇರುವುದಕ್ಕೆ ಮುಂಚೆಯೇ, ೩೯೨ರ ಮೇ ೧೫ರಂದು, ಚಕ್ರವರ್ತಿಯು ನೇಣಿನಲ್ಲಿ ಸತ್ತಿದ್ದುದು ಕಂಡುಬಂದಿತು. ಅದು ಕೊಲೆಯೋ ಆತ್ಮಹತ್ಯೆಯೋ ಎಂಬುದು ಇಂದಿಗೂ ನಿಶ್ಚಯವಾಗಿಲ್ಲ. ಅವನ ವಯಸ್ಸು ೨೧. ದೇಹವನ್ನು ಮಿಲಾನಿಗೆ ತಂದರು. ಅಂತ್ಯಕ್ರಿಯೆಯ ದಿನ ಆಂಬ್ರೋಸನು ಮಾತನಾಡಲು ಎದ್ದಾಗ ಎದುರಿಗೆ ಸತ್ತವನ ಸೋದರಿಯರು ಕುಳಿತಿದ್ದರು. ಸಾವಿನ ದುಃಖದ ಮೇಲೆ ಇನ್ನೊಂದು ದುಃಖ ಅವರನ್ನು ಸುಡುತ್ತಿತ್ತು: ಸೋದರನಿಗೆ ದೀಕ್ಷಾಸ್ನಾನವಾಗಲಿಲ್ಲ.

ಆ ಗಳಿಗೆಯಲ್ಲಿ ಆಂಬ್ರೋಸನು ಸಿದ್ಧಾಂತದ ಹಿಂದೆ ಅಡಗಿಕೊಳ್ಳಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಬಯಸುವುದು, ಬೇಡುವುದು, ಇಷ್ಟಲ್ಲದೆ ಮನುಷ್ಯನ ವಶದಲ್ಲಿ ಬೇರೆ ಏನಿದೆ ಎಂದು ಅವನು ಆ ಸೋದರಿಯರನ್ನು ಕೇಳಿದನು. ನಿಮ್ಮ ಸೋದರನು ಬಯಸಿದನು, ಬೇಡಿದನು. ಬೇಡಿದವನಿಗೆ ದೊರೆಯಿತೆಂದೇ ತಿಳಿಯಿರಿ ಎಂದನು. ಸ್ನಾನವಾಗದೆ ಧರ್ಮಕ್ಕಾಗಿ ಸತ್ತವರನ್ನು ಅವರ ರಕ್ತವೇ ತೊಳೆಯುವುದಾದರೆ ಇವನನ್ನು ಇವನ ಭಕ್ತಿಯೂ ಬಯಕೆಯೂ ತೊಳೆದುವೆಂದು ಹೇಳಿದನು. ಬಯಕೆಯ ದೀಕ್ಷಾಸ್ನಾನವೆಂದು ಮುಂದೆ ಹೆಸರಾದ ತತ್ತ್ವಕ್ಕೆ ಈ ಚರಮಭಾಷಣವೇ ಒಂದು ಮುಖ್ಯ ಆಧಾರವಾಯಿತು. ಸ್ನಾನದ ಮಹಿಮೆಯನ್ನು ಇಷ್ಟು ವಿಸ್ತಾರವಾಗಿ ಬೋಧಿಸಿದವನೇ ಈ ಮಾತನ್ನೂ ಆಡಿದನೆಂಬುದು ಗಮನಾರ್ಹವಾದುದು.

ಅಗಸ್ಟೀನನು ಅಷ್ಟರಲ್ಲಿ ಆಫ್ರಿಕಕ್ಕೆ ಹಿಂದಿರುಗಿ, ಹಿಪ್ಪೊ ಎಂಬ ರೇವುಪಟ್ಟಣದ ಬಿಷಪ್ಪನಾದನು. ಅಲ್ಲಿ ಅವನು ಎರಡು ವಾದಗಳನ್ನು ನಡೆಯಿಸಬೇಕಾಯಿತು. ಮೊದಲನೆಯದು ಡೊನೇಟಿಸ್ಟರೊಡನೆ. ಹಿಂಸೆಯ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಅಯೋಗ್ಯ ಪಾದ್ರಿಗಳಿಂದ ಬಂದ ಸ್ನಾನವು ಸ್ನಾನವೇ ಅಲ್ಲವೆಂದು ಅವರು ಹೇಳುತ್ತಿದ್ದರು. ಅಗಸ್ಟೀನನು ಒಪ್ಪಲಿಲ್ಲ. ಯಾರ ಕೈ ನೀರೆರೆದರೂ ಸ್ನಾನವನ್ನು ಕೊಡುವವನು ಕ್ರಿಸ್ತನೇ. ಕಾಲುವೆ ಕಲ್ಲಿನದಾದರೂ ಹರಿಯುವ ನೀರಿಗೆ ಕುಂದಿಲ್ಲವೆಂದು ಅವನ ವಾದದ ಸಾರ. ಈ ತತ್ತ್ವದ ಫಲವಾಗಿ, ಸಾಯುವ ಸಂಕಟದಲ್ಲಿ ಪಾದ್ರಿಯು ದೊರೆಯದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನವನ್ನು ಕೊಡಬಹುದೆಂದು ಕೆಥೊಲಿಕ್ ಸಭೆಯಲ್ಲಿ ನಿಯಮವಾಯಿತು. ಕೊಡುವವರು ಕ್ರೈಸ್ತರೇ ಆಗಿರಬೇಕೆಂಬುದೂ ಇಲ್ಲ. ಸಭೆಯ ಉದ್ದೇಶವನ್ನು ಮನಸ್ಸಿನಲ್ಲಿಟ್ಟು, ನೀರೆರೆದು, ವಿಹಿತವಾದ ಮಾತನ್ನು ಹೇಳಿದರೆ ಸಾಕು. ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಹಿಂದೂ ದಾದಿಯೊಬ್ಬಳು, ತಾಯಿಯ ಕೋರಿಕೆಯಂತೆ, ಉಸಿರು ನಿಲ್ಲುತ್ತಿರುವ ಕೂಸಿಗೆ ಕೊಟ್ಟ ಸ್ನಾನವೂ ಪೂರ್ಣವಾದ ಸ್ನಾನವೇ.

ಎರಡನೆಯ ವಾದ ಪೆಲೇಗಿಯಸನ ಪಂಥದವರೊಡನೆ. ಮನುಷ್ಯನು ತನ್ನ ಪ್ರಯತ್ನದಿಂದಲೇ ನಿಷ್ಪಾಪಿಯಾಗಿ ಬಾಳಬಲ್ಲನು, ಶಿಶುಗಳಲ್ಲಿ ಯಾವ ಪಾಪವೂ ಇಲ್ಲ ಎಂದು ಅವರ ಮತ. ಹಾಗಾದರೆ ಸಭೆಯು ಶಿಶುಗಳಿಗೂ ಪಾಪಪರಿಹಾರದ ಸ್ನಾನವನ್ನು ಕೊಡುವುದೇಕೆಂದು ಅಗಸ್ಟೀನನು ಕೇಳಿದನು. ಕೊಡುವುದು ನಿಜವಾದರೆ ಆದಾಮನಿಂದ ಬಂದ ಜನ್ಮಪಾಪವು ಅವುಗಳಲ್ಲಿಯೂ ಇರಬೇಕು. ಇದ್ದರೆ, ಸ್ನಾನವಿಲ್ಲದೆ ಸತ್ತ ಶಿಶುವಿಗೆ ರಕ್ಷಣೆಯಿಲ್ಲ. ಅದಕ್ಕೆ ಆಗುವ ಶಿಕ್ಷೆ ಎಲ್ಲಕ್ಕಿಂತ ಅಲ್ಪವಾದುದು, ಆದರೆ ಶಿಕ್ಷೆ ತಪ್ಪದು. ತರ್ಕದ ಒಂದೊಂದು ಮೆಟ್ಟಿಲನ್ನೂ ಹತ್ತಿ ಅವನು ಈ ನಿರ್ಣಯವನ್ನು ಮುಟ್ಟಿದನು. ರಕ್ಷಣೆಯು ಕೃಪೆಯೆಂಬುದನ್ನು ಉಳಿಸಿಕೊಳ್ಳುವುದೇ ಅವನ ಗುರಿಯಾಗಿತ್ತು ಎಂಬುದನ್ನು ಮರೆಯಬಾರದು. ಆದರೆ ವಾಲೆಂಟಿನಿಯನನ ಸೋದರಿಯರಿಗೆ ದೊರೆತ ಸಮಾಧಾನ ಹಿಪ್ಪೊ ಪಟ್ಟಣದ ತಾಯಿಗೆ ದೊರೆಯಲಿಲ್ಲ. ಚಕ್ರವರ್ತಿಯು ಬಾಯಿಬಿಟ್ಟು ಬೇಡಬಲ್ಲವನಾಗಿದ್ದನು. ಹಸುಳೆ ಏನನ್ನು ಬೇಡೀತು?

ಪಶ್ಚಿಮದ ಸಭೆಯು ಈ ಕಾಠಿಣ್ಯವನ್ನು ನುಂಗಲೂ ಆರದೆ ಉಗುಳಲೂ ಆರದೆ ಬಹುಕಾಲ ತೊಳಲಿತು. ಮಧ್ಯಯುಗದ ಪಂಡಿತರು ಕಂಡುಹಿಡಿದ ಉಪಾಯವೇ ಲಿಂಬೊ ಎಂಬ ಗಡಿನಾಡು. ಅಲ್ಲಿ ಶಿಶುಗಳಿಗೆ ನೋವಿಲ್ಲ, ಸಹಜವಾದ ಸುಖವೂ ಉಂಟು, ಆದರೆ ದೇವರ ದರ್ಶನವಿಲ್ಲ ಎಂದು ಥಾಮಸ್ ಅಕ್ವೈನಸ್ ಮೊದಲಾದವರು ವಿವರಿಸಿದರು. ಇದು ಕರುಣೆಯಿಂದ ಹುಟ್ಟಿದ ಕಲ್ಪನೆ. ಡಾಂಟೆಯು ಚಿತ್ರಿಸಿದ ಮೊದಲನೆಯ ಸುತ್ತು ಇದೇ. ಆದರೆ ಕರುಣೆಯ ಕಲ್ಪನೆಯೂ ಹೆತ್ತವರಿಗೆ ಗೋಡೆಯಾಗಿ ನಿಂತಿತು. ಸ್ನಾನವಿಲ್ಲದೆ ಸತ್ತ ಕೂಸುಗಳನ್ನು ದೇವಾಲಯದ ಶ್ಮಶಾನದಲ್ಲಿ ಹೂಳಲು ಅನೇಕ ಕಡೆಗಳಲ್ಲಿ ಒಪ್ಪುತ್ತಿರಲಿಲ್ಲ. ಅಂಥ ಕೂಸುಗಳನ್ನು ಪ್ರತ್ಯೇಕವಾಗಿ ಹೂಳಿದ ಎಡೆಗಳು ಐರ್ಲೆಂಡಿನ ಹೊಲದಂಚುಗಳಲ್ಲಿಯೂ ಕಡಲ ತೀರದಲ್ಲಿಯೂ ಇಂದಿಗೂ ಇವೆ. ಹೆಸರಿಲ್ಲದ ಗುಂಡುಕಲ್ಲುಗಳೇ ಅಲ್ಲಿಯ ಗುರುತು.

ಹದಿನಾರನೆಯ ಶತಮಾನದ ಮತಸುಧಾರಣೆಯಲ್ಲಿ ಈ ಪ್ರಶ್ನೆಯೇ ಬೇರೊಂದು ರೂಪದಲ್ಲಿ ಎದ್ದಿತು. ರಕ್ಷಣೆಯು ನಂಬಿಕೆಯೊಂದರಿಂದಲೇ ಎಂದು ಸಾರಿದ ಲೂಥರನು ಶಿಶುಸ್ನಾನವನ್ನು ಬಿಡಲಿಲ್ಲ. ತನ್ನ ಮನಸ್ಸು ಕುಗ್ಗಿದಾಗಲೆಲ್ಲ ತನಗೆ ದೀಕ್ಷಾಸ್ನಾನವಾಗಿದೆ ಎಂಬುದನ್ನೇ ನೆನೆದು ಧೈರ್ಯ ತಂದುಕೊಳ್ಳುತ್ತಿದ್ದನು. ನಂಬಿಕೆ ಏರಿಳಿಯಬಹುದು, ದೇವರ ವಾಗ್ದಾನ ಏರಿಳಿಯದು ಎಂಬುದು ಅವನ ಭಾವ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ. ಅರಿತು ನಂಬಿದವನಿಗೆ ಮಾತ್ರ ಸ್ನಾನವೆಂದು ಹೇಳಿ, ೧೫೨೫ರ ಜನವರಿಯಲ್ಲಿ ಅವರು ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನವನ್ನು ಕೊಟ್ಟುಕೊಂಡರು. ನಗರಸಭೆಯು ಇದಕ್ಕೆ ಮರಣದಂಡನೆಯನ್ನು ವಿಧಿಸಿತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್ ಎಂಬವನನ್ನು ೧೫೨೭ರ ಜನವರಿ ೫ರಂದು ಕೈಕಾಲು ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಜೀವವನ್ನು ಕೊಡುವ ನೀರೆಂದು ಸಾರುವವರು ಅದೇ ನೀರಿನಿಂದ ಜೀವವನ್ನು ತೆಗೆದರು. ಕ್ರೈಸ್ತರೇ ಇದನ್ನು ಇಂದು ನಾಚಿಕೆಯಿಂದ ನೆನೆಯುವರು.

ಕೆಥೊಲಿಕ್ ಪಕ್ಷದವರು ಟ್ರೆಂಟ್ ಮಹಾಸಭೆಯಲ್ಲಿ, ೧೫೪೭ರಲ್ಲಿ, ದೀಕ್ಷಾಸ್ನಾನವು ರಕ್ಷಣೆಗೆ ಅವಶ್ಯವೆಂದು ನಿರ್ಣಯಿಸಿದರು. ಆದರೆ ಆ ನಿರ್ಣಯದ ಒಳಗೇ, ಸ್ನಾನದಿಂದ ಅಥವಾ ಅದರ ಬಯಕೆಯಿಂದ ಎಂಬ ಅರ್ಥವನ್ನೂ ಸೇರಿಸಿದರು. ಒಂದು ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಮಿಲಾನಿನಲ್ಲಿ ಅಳುತ್ತಿದ್ದ ಸೋದರಿಯರಿಗೆ ಹೇಳಿದ ಸಮಾಧಾನ ಹೀಗೆ ಸಿದ್ಧಾಂತದಲ್ಲಿ ನೆಲೆಗೊಂಡಿತು.

ನಮಗೆ ಹತ್ತಿರದ ಕಾಲದಲ್ಲಿ ವಾದದ ಬಿಸಿ ಬಹಳ ಮಟ್ಟಿಗೆ ತಗ್ಗಿದೆ. ಶಿಶುಸ್ನಾನವನ್ನು ಒಪ್ಪುವವರೂ ಒಪ್ಪದವರೂ ನಮ್ಮ ದೇಶದಲ್ಲಿಯೇ ಒಂದುಗೂಡಿದುದುಂಟು. ೧೯೭೦ರಲ್ಲಿ ಏರ್ಪಟ್ಟ ಉತ್ತರ ಭಾರತ ಸಭೆಯು ಎರಡು ಪದ್ಧತಿಗಳಿಗೂ ಎಡೆಕೊಟ್ಟಿತು. ೧೯೮೨ರಲ್ಲಿ ಪೆರು ದೇಶದ ಲಿಮಾ ನಗರದಲ್ಲಿ ಅನೇಕ ಸಭೆಗಳ ಪಂಡಿತರು ಸೇರಿ, ದೀಕ್ಷಾಸ್ನಾನವು ದೇವರ ದಾನವೂ ಹೌದು, ಅದಕ್ಕೆ ಮನುಷ್ಯನು ಕೊಡುವ ಉತ್ತರವೂ ಹೌದು ಎಂದು ಒಪ್ಪಿ ಬರೆದರು. ೨೦೦೭ರ ಏಪ್ರಿಲ್ ತಿಂಗಳಿನಲ್ಲಿ ಎರಡು ಸಂಗತಿಗಳು ನಡೆದುವು. ಜರ್ಮನಿಯ ಮಾಗ್ಡೆಬುರ್ಗ್ ನಗರದಲ್ಲಿ ೧೧ ಸಭೆಗಳು ಪರಸ್ಪರರ ದೀಕ್ಷಾಸ್ನಾನವನ್ನು ಮಾನ್ಯಮಾಡುವುದಾಗಿ ರುಜು ಹಾಕಿದುವು. ಅದೇ ತಿಂಗಳಿನಲ್ಲಿ ರೋಮಿನ ಅಂತಾರಾಷ್ಟ್ರೀಯ ದೇವಶಾಸ್ತ್ರ ಆಯೋಗದ ಒಂದು ಪ್ರಬಂಧ ಪ್ರಕಟವಾಯಿತು. ಅದರ ವಿಷಯ, ಸ್ನಾನವಿಲ್ಲದೆ ಸತ್ತ ಶಿಶುಗಳ ರಕ್ಷಣೆಯ ಆಶೆ. ಲಿಂಬೊ ಎಂಬುದು ಸಭೆಯ ನಿಶ್ಚಿತ ಸಿದ್ಧಾಂತವಾಗಿ ಎಂದೂ ಘೋಷಿತವಾದುದಲ್ಲವೆಂದೂ, ಅದು ದೇವರ ಕರುಣೆಯನ್ನು ಅತಿಯಾಗಿ ಸಂಕೋಚಗೊಳಿಸಿದ ಭಾವನೆಯೆಂದು ತೋರುವುದೆಂದೂ, ಆ ಶಿಶುಗಳು ದೇವರ ಸನ್ನಿಧಿಯನ್ನು ಸೇರುವುವೆಂದು ಆಶಿಸಲು ಬಲವಾದ ಕಾರಣಗಳಿವೆಯೆಂದೂ ಅದರಲ್ಲಿ ವಿವರಿಸಿದೆ. ಖಚಿತವಾಗಿ ತಿಳಿದಿದೆಯೆಂದು ಆ ಪಂಡಿತರು ಹೇಳಲಿಲ್ಲ, ಆಶಿಸಬಹುದು ಎಂದರು. ಹಾಗೆಂದು ದೀಕ್ಷಾಸ್ನಾನವನ್ನು ತಡಮಾಡಬಹುದೆಂದೂ ಹೇಳಲಿಲ್ಲ.

ಇಷ್ಟನ್ನು ಓದಿದ ಮೇಲೆ ನಮಗೆ ತೋರುವುದು ಇದು. ಕ್ರೈಸ್ತರ ದೃಷ್ಟಿಯಲ್ಲಿ ದೀಕ್ಷಾಸ್ನಾನವು ರಕ್ಷಣೆಗೆ ತೆತ್ತ ಬೆಲೆಯಲ್ಲ. ಬೆಲೆಯಾಗಿದ್ದರೆ ಹಸುಳೆಗೂ ಪ್ರಜ್ಞೆತಪ್ಪಿದವನಿಗೂ ಅದನ್ನು ಕೊಡುತ್ತಿರಲಿಲ್ಲ. ಬರಿಯ ಗುರುತೂ ಅಲ್ಲ. ಗುರುತಾಗಿದ್ದರೆ ಅಗಸ್ಟೀನನ ಗೆಳೆಯನು ಅದಕ್ಕಾಗಿ ಪ್ರಾಣಸ್ನೇಹಿತನನ್ನು ಗದರಿಸುತ್ತಿರಲಿಲ್ಲ. ಅದು ಬಾಗಿಲು. ಮನೆಯ ಯಜಮಾನನು ಇದರ ಮೂಲಕ ಬನ್ನಿರೆಂದು ಹೇಳಿದ ಮೇಲೆ, ಹೇಳಿದುದನ್ನು ಕೇಳಿಯೂ ಬಾಗಿಲನ್ನು ಅಲಕ್ಷ್ಯ ಮಾಡುವುದು ಆ ಕರೆಯನ್ನೇ ಅಲಕ್ಷ್ಯ ಮಾಡಿದಂತೆ. ಆದರೆ ಬಾಗಿಲಿನವರೆಗೆ ನಡೆಯಲಾರದ ಕೂಸನ್ನು ಯಜಮಾನನು ತಾನೇ ಎತ್ತಿಕೊಳ್ಳಬಾರದೆಂದು ವಿಧಿಸಲು ಮನೆಯ ಆಳುಗಳಿಗೆ ಅಧಿಕಾರವಿಲ್ಲ. ದೀಕ್ಷಾಸ್ನಾನದ ಕಟ್ಟಳೆಯು ಮನುಷ್ಯರಿಗೆ, ದೇವರಿಗಲ್ಲ. ದಾನದ ಹಿರಿಮೆಯನ್ನು ಕಾಯುವ ಭರದಲ್ಲಿ ಸಭೆಯು ಕೆಲವೊಮ್ಮೆ ದಾನಿಯ ಕೈಯನ್ನೇ ಹಿಡಿದು ನಿಲ್ಲಿಸಹೋಯಿತು. ಅದು ತಪ್ಪೆಂದು ತೋರಿಸಿದವರೂ ಆ ಸಭೆಯ ಒಳಗಿನವರೇ ಎಂಬುದು ಅದರ ಗೌರವಕ್ಕೆ ಸೇರಿದುದು.

ನಮ್ಮನ್ನು ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಈಗ ಎಲ್ಲಿರುವನೋ ತಿಳಿಯದು. ಈ ರಾತ್ರಿ ಅವನು ಕೇಳುತ್ತಿದ್ದರೆ, ಅಂದು ಟಿಪ್ಪಣಿಯನ್ನು ನೋಡಿ ಹೇಳಿದ ಉತ್ತರವನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಆ ಮಕ್ಕಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವುಗಳನ್ನು ಕವಿಯು ಎಲ್ಲಿ ಇರಿಸಿದನೆಂಬುದು ಅವನ ಕಾಲದ ಮಾತು. ಅವುಗಳ ತಾಯಂದಿರಿಗೆ ಏನು ಹೇಳಬೇಕೆಂಬುದನ್ನು ಅದಕ್ಕೆ ಬಹಳ ಹಿಂದೆಯೇ ಮಿಲಾನಿನ ಬಿಷಪ್ಪನು, ಒಂದು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು, ತೋರಿಸಿಕೊಟ್ಟಿದ್ದನು.